ಅರ್ಧ ಮನೆಯ ವಂಶಾವಳಿ

ಅಪ್ಪಾ,

ಇದನ್ನು ಓದಲು ನೀನಿಲ್ಲ. ಆದರೂ ಹೇಳಿಯೇ ತೀರುತ್ತೇನೆ. ಇವತ್ತು ನಮ್ಮ ಗೈಡ್ ಸರ್ ಜೊತೆ ವಾದಿಸಿ ಗೆದ್ದೆ.

ಮಲಪ್ರಭೆಯ ಮೀನುಗಳ ವಂಶವೃಕ್ಷ ಕಟ್ಟುವುದು ನನ್ನ ಕೆಲಸ. ತಾಯಿಯಿಂದಷ್ಟೇ ಇಳಿದು ಬರುವ ಒಂದು ಜೀನ್ ಓದಿದಾಗ ಮುನವಳ್ಳಿಯ ಮೀನು, ರಾಮದುರ್ಗದ ಮೀನು ದೂರದೂರದ ಕೊಂಬೆಗಳಲ್ಲಿ ಕೂತವು.

"ಇಷ್ಟ ಸಾಕವಾ, ಹೊಸ ಜಾತಿ ಮೀನ ಸಿಕ್ಕೈತಿ ಅಂತ ಬರದ ಕಳಸು," ಎಂದರು ಸರ್.

"ಸಾಲೂದಿಲ್ರಿ ಸರ್. ಇದು ತಾಯಿ ಕಡಿ ಸುದ್ದಿ ಅಷ್ಟ ಹೇಳತೈತಿ," ಎಂದೆ ನಾನು.

ಎಂಟು ತಿಂಗಳು ಹಟ ಹಿಡಿದು, ತಂದೆತಾಯಿ ಇಬ್ಬರಿಂದಲೂ ಬರುವ ಮುನ್ನೂರು ಜೀನ್ ಓದಿದೆ. ಇವತ್ತು ಮರವೇ ಬದಲಾಯಿತು. ಎರಡೂ ಊರಿನ ಮೀನು ಒಂದೇ ಕೊಂಬೆಯ ಅಕ್ಕತಂಗಿಯರು. ಸರ್ ಕನ್ನಡಕ ಒರೆಸಿಕೊಂಡು, 'ಹೊಸ ಜಾತಿ' ಎಂಬ ಸಾಲನ್ನು ತಾವೇ ಹೊಡೆದುಹಾಕಿದರು.

ಈಗ ನಿನ್ನ ಸರದಿ. ನೀನು ಹೆಳವ. ಎತ್ತಿನ ಮೇಲೆ ಸವದತ್ತಿ ಸೀಮೆಯ ಮನೆಮನೆಗೆ ಹೋಗಿ, ವಂಶಾವಳಿಯ ಪುಸ್ತಕ ಬಿಚ್ಚಿ ಏಳು ತಲೆಮಾರಿನ ಹೆಸರು ಓದುತ್ತಿದ್ದವನು. ಎಲ್ಲವೂ ಗಂಡಸರ ಹೆಸರೇ. ನಮ್ಮ ಮನೆಯ ಹಾಳೆಯಲ್ಲಿ ನನ್ನನ್ನೂ ಬರಿ ಎಂದು ಕೇಳಿದರೆ ನೀನು ನಕ್ಕೆ. "ಹೆಣ್ಮಕ್ಕಳನ್ನೆಲ್ಲಾ ಬರಕೋತ ಹೋದ್ರ ಹಾಳಿ ಸಾಲೂದಿಲ್ಲವಾ," ಅಂದೆ.

ಆ ಸಿಟ್ಟಿನಲ್ಲಿ ಮನೆ ಬಿಟ್ಟು ಹೋದವಳು ನಿನ್ನ ಮಣ್ಣಿಗೂ ಬರಲಿಲ್ಲ. ಅದರ ಮಾತು ಬೇಡ.

ನಿನ್ನ ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ನಿನ್ನ ಹೆಸರಿನ ಪಕ್ಕ ಅವ್ವ ನೀಲವ್ವನ ಹೆಸರು, ಅಣ್ಣನ ಹೆಸರಿನ ಪಕ್ಕ ಕಸ್ತೂರಿ ಎಂದು ನನ್ನದು ಬರೆದೆ. ಪೆನ್ಸಿಲ್ಲಿನಲ್ಲಲ್ಲ, ಶಾಯಿಯಲ್ಲಿ.

ಹಾಳೆಯಲ್ಲಿ ಇನ್ನೂ ಜಾಗ ಉಳಿದಿದೆ, ಅಪ್ಪಾ.