ಮೀನಿಗೆ ಹಸಿವಾಗಿರಲಿಲ್ಲ

ರಾಯಚೂರು
12 ಅಕ್ಟೋಬರ್ 2025, ಭಾನುವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ನಾಗವೇಣಿಯ ಜೈಭೀಮ್. ಮೊಣಕಾಲು ನೋವು ಈಗ ಹೇಗಿದೆ? ದೇವದುರ್ಗದ ಆ ಮನೆಯ ಮೆಟ್ಟಿಲು ಎತ್ತರ, ಗೋಡೆ ಹಿಡಿದುಕೊಂಡೇ ಇಳಿಯಿರಿ. ಬಿ.ಪಿ. ಗುಳಿಗೆ ಮುಗಿಯುವ ಮೊದಲೇ ಸುಮಂಗಲಾಗೆ ಹೇಳಿ ತರಿಸಿಕೊಳ್ಳಿ. ನಿಮ್ಮ ಮಗಳು ಎಲ್ಲ ಮಾಡುತ್ತಾಳೆ, ಆದರೆ ನೀವು ಬಾಯಿಬಿಟ್ಟು ಕೇಳುವವರಲ್ಲ. ಈ ಕಾಗದವನ್ನೂ ಅವಳೇ ಓದಿ ಹೇಳುತ್ತಿರಬೇಕು. ನಾನು ಫೋನ್ ಮಾಡಿದಾಗಲೆಲ್ಲ ನೀವು "ಚಲೋ ಅದೀನಿ, ಕೂಸಿನ್ನ ನೋಡಿಕೋ" ಎಂದಷ್ಟೇ ಹೇಳಿ ಅವಳ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮೊಮ್ಮಗಳು ಮೌನೇಶ್ವರಿ ಚೆನ್ನಾಗಿದ್ದಾಳೆ. ಮುಂದಿನ ಎರಡು ಹಲ್ಲು ಬಿದ್ದಿವೆ. ಶಾಲೆ ಬಿಟ್ಟ ಮೇಲೆ ನಾನು ಮಾನ್ವಿಯ ನನ್ನ ಶಾಲೆಯಿಂದ ಬರುವವರೆಗೂ ಪಕ್ಕದ ಮಂಜುಳಾ ಅವರ ಮನೆಯಲ್ಲಿರುತ್ತಾಳೆ. ನೀವು ಹೊದೆಯುತ್ತಿದ್ದ ಕೌದಿಯನ್ನು ಒಗೆಯಲು ಬಿಡುವುದಿಲ್ಲ, ವಾಸನೆ ಹೋಗುತ್ತದಂತೆ.

ಆ ಮೀನಿನ ವಿಷಯ ಹೇಳಬೇಕು ಅತ್ತೆ. ಜೂನ್‌ನಲ್ಲಿ ಮೌನಿಗೆ ಎಂಟು ತುಂಬಿದಾಗ ಗಾಜಿನ ತೊಟ್ಟಿ ತಂದೆನಲ್ಲ. ಅಪ್ಪ ಇಲ್ಲದ ಮೊದಲ ಹುಟ್ಟುಹಬ್ಬ, ಮನೆಯಲ್ಲಿ ಏನಾದರೂ ಓಡಾಡಿಕೊಂಡಿರಲಿ ಎಂದು ನನ್ನ ಆಸೆ. ಅಂಗಡಿಯವನು ತೊಟ್ಟಿ, ಗಾಳಿಯ ಮೋಟರು, ಆರು ಕೇಸರಿ ಮೀನು ಎಲ್ಲ ಒಟ್ಟಿಗೇ ಕೊಟ್ಟ. ನಳದ ನೀರು ತುಂಬಿಸಿ ಅರ್ಧ ಗಂಟೆಯೊಳಗೆ ಬಿಟ್ಟೆವು. ನಾಲ್ಕನೆಯ ದಿನದಿಂದ ಅವು ಮೇಲೆ ಬಂದು ಬಾಯಿ ತೆರೆಯತೊಡಗಿದವು. "ನೋಡವಾ, ಹೆಂಗ ಬಾಯಿ ಬಿಡಾಕತ್ತಾವ, ಹಸದಾವ" ಎಂದು ಮೌನಿಗೆ ಹೇಳಿ ನೀವು ಮೀನಿನ ಕಾಳು ಹಾಕುತ್ತಿದ್ದಿರಿ, ಅದು ಮುಗಿದಾಗ ಅನ್ನದ ಅಗುಳು. ಎಂಟನೆಯ ದಿನ ನಾನು ಬಸ್ಸಿಳಿದು ಬರುವಷ್ಟರಲ್ಲಿ ಕೊನೆಯದೂ ತೇಲುತ್ತಿತ್ತು. ಮೌನಿ ಅಳಲಿಲ್ಲ. ಜನವರಿಯಲ್ಲಿ ಅಪ್ಪನ ಪಕ್ಕ ಹೇಗೆ ಕೂತಿದ್ದಳೋ ಹಾಗೇ ತೊಟ್ಟಿಯ ಮುಂದೆ ಕೂತಿದ್ದಳು. ಅದನ್ನು ನೋಡಿ ನನಗೆ ಏನಾಯಿತೋ, ಬಾಯಿಗೆ ಬಂದದ್ದು ಅಂದುಬಿಟ್ಟೆ. "ಕಂಡದ್ದೆಲ್ಲ ಹಾಕಿ ಕೊಂದ್ರಿ. ನಿಮ್ಮ ಕೈಯಾಗ ಏನ್ ಕೊಟ್ರೂ ಉಳಿಯಂಗಿಲ್ಲ."

ನೀವು "ಏನಂದಿ?" ಎಂದಿರಿ, ಅಷ್ಟೇ. ನಾನು ಯಾರನ್ನು ನೆನೆದು ಅಂದೆ ಎಂಬುದು ನಿಮಗೆ ತಿಳಿದಿತ್ತು. ನಿಮ್ಮ ಮಗ ಎದೆ ಉರಿ ಎಂದು ಡಿಪೋದಿಂದ ಬೇಗ ಬಂದ ದಿನ ನೀವು ಮಜ್ಜಿಗೆ ಕೊಟ್ಟು ಮಲಗಿಸಿದ್ದಿರಿ. ಸಂಜೆ ಎಬ್ಬಿಸಲು ಹೋದರೆ ಅವರು ಏಳಲಿಲ್ಲ. ದಿನಕ್ಕೆ ಬಂದ ನೆಂಟರೆಲ್ಲ ನಿಮ್ಮ ಎದುರಿಗೇ "ಆಗಲೇ ದವಾಖಾನಿಗಿ ಒಯ್ದಿದ್ರ ಉಳೀತಿದ್ದ" ಎಂದಾಗ ನಾನು ಒಂದು ಮಾತೂ ಆಡಿರಲಿಲ್ಲ. ಆಡಿದ ಮೊದಲ ಮಾತು ಇದು. ನೀವು ಸತ್ತ ಮೀನನ್ನು ತಟ್ಟೆಯಲ್ಲಿ ಒಯ್ದು ಬೇವಿನ ಬುಡದಲ್ಲಿ ಹೂಳಿ, ತಟ್ಟೆ ತೊಳೆದಿಟ್ಟಿರಿ. ಮರುದಿನ ನಾನು ಶಾಲೆಗೆ ಹೊರಡುವ ಮೊದಲೇ ದೇವದುರ್ಗದ ಬಸ್ಸು ಹತ್ತಿದ್ದಿರಿ.

ನಮ್ಮ ಶಾಲೆಯ ಕಮರುನ್ನೀಸಾ ಟೀಚರ್ ಮನೆಯಲ್ಲಿ ಆರು ವರ್ಷದಿಂದ ಮೀನು ಸಾಕಿದ್ದಾರೆ. ಆಗಸ್ಟ್‌ನಲ್ಲಿ ಬಸ್ಸಿನಲ್ಲಿ ಜೊತೆಗೆ ಬರುವಾಗ ಅವರಿಗೆ ನಡೆದದ್ದು ಹೇಳಿದೆ. ನಿಮಗೆ ಬೈದದ್ದನ್ನೂ ಹೇಳಿದೆ. ಅವರು, "ಟೀಚರ್, ನೀರು ತಿಳಿ ಅದ ಅಂದ್ರ ಚಲೋ ಅದ ಅಂತ ಅಲ್ರೀ. ಆ ಮೀನಿಗೆ ಹಸಿವಿ ಆಗಿದ್ದಿಲ್ಲ, ಉಸಿರಾಡಾಕ ಆಗ್ತಿದ್ದಿಲ್ಲ" ಎಂದರು. ಮೀನು ಇರುವ ನೀರಿನಲ್ಲೇ ಹೇಲುತ್ತದೆ, ಉಚ್ಚೆ ಹೊಯ್ಯುತ್ತದೆ. ಅದು ವಿಷವಾಗಿ ಕಿವಿರು ಸುಡುತ್ತದೆ. ಹಳೆಯ ತೊಟ್ಟಿಯಾದರೆ ಅದನ್ನು ತಿಂದು ಹಾಕುವ ಕಣ್ಣಿಗೆ ಕಾಣದ ಜೀವಗಳು ನೀರು ಸೋಸುವ ಸ್ಪಂಜಿನಲ್ಲಿ, ಕಲ್ಲಿನಲ್ಲಿ ಮನೆ ಮಾಡಿಕೊಂಡಿರುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯಾಗಲು ತಿಂಗಳು, ಒಂದೂವರೆ ತಿಂಗಳು ಬೇಕಂತೆ. ನಾನು ಅರ್ಧ ಗಂಟೆ ಕೊಟ್ಟಿದ್ದೆ. ಮೇಲೆ ನಳದ ನೀರಿನ ಬ್ಲೀಚಿಂಗ್ ಔಷಧಿ ಬೇರೆ. ನೀವು ಹಾಕಿದ ಅನ್ನ ಕೊಳೆತು ವಿಷ ಹೆಚ್ಚಾಗಿರಬಹುದು, ಸುಳ್ಳು ಹೇಳುವುದಿಲ್ಲ. ಆದರೆ ನೀವು ಒಂದು ಅಗುಳೂ ಹಾಕದಿದ್ದರೂ ಆರು ಮೀನು ಆ ನೀರಿನಲ್ಲಿ ಬದುಕುವುದು ಕಷ್ಟವಿತ್ತು ಎಂದರು. ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ವಿಜ್ಞಾನ ಹೇಳುವವಳು ನಾನು.

ಮನೆಗೆ ಬಂದು ಮೌನಿಗೆ ಹೇಳಿದೆ. "ಹಂಗಾದ್ರ ಅಜ್ಜಿ ಕೊಂದಿಲ್ಲ?" ಎಂದಳು. ಇಲ್ಲ ಎಂದೆ. "ಮತ್ಯಾಕ ಬೈದಿ?" ಎಂದಳು.

ಆಮೇಲೆ ನಾವಿಬ್ಬರೂ ತೊಟ್ಟಿಯನ್ನು ಮತ್ತೆ ತುಂಬಿಸಿದೆವು. ನೀರನ್ನು ಮೊದಲು ಬಕೀಟಿನಲ್ಲಿ ತೆರೆದಿಟ್ಟು ಒಂದು ದಿನ ಕಾದೆವು. ಕಮರುನ್ನೀಸಾ ತಮ್ಮ ತೊಟ್ಟಿಯ ಹಳೆಯ ಸ್ಪಂಜಿನ ತುಂಡು ಕೊಟ್ಟರು, ನೋಡಲು ಅಸಹ್ಯ, ಆದರೆ ಆ ಜೀವಗಳೆಲ್ಲ ಅದರಲ್ಲೇ ಇರುವುದು. ಐದು ವಾರ ಮೀನಿಲ್ಲದ ತೊಟ್ಟಿಗೆ ದಿನಾ ಚಿಟಿಕೆ ಕಾಳು ಹಾಕಿ ಆ ಕಾಣದವನ್ನು ಸಾಕಿದೆವು. ಮಂಜುಳಾ ಬಂದು ನೋಡಿ, ಖಾಲಿ ನೀರಿಗೆ ಉಣಿಸುವವರನ್ನು ಎಲ್ಲೂ ಕಂಡಿಲ್ಲ ಎಂದು ನಕ್ಕರು. ಆಮೇಲೆ ಕಮರುನ್ನೀಸಾ ಬಂದು, ಹನಿ ಔಷಧಿ ಹಾಕಿ ಬಣ್ಣ ನೋಡಿ ನೀರು ಪರೀಕ್ಷೆ ಮಾಡಿ, ಆಗಲಿ ಎಂದರು. ಒಂದೇ ಒಂದು ಮೀನು ತಂದೆವು. ಚೀಲ ಸಮೇತ ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ತೊಟ್ಟಿಯ ನೀರನ್ನು ಲೋಟದಲ್ಲಿ ಅಷ್ಟಷ್ಟೇ ಚೀಲಕ್ಕೆ ಬೆರೆಸಿ ಒಳಗೆ ಬಿಟ್ಟೆವು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಕಾಳು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು. ಸ್ಪಂಜನ್ನು ನಳದ ಕೆಳಗೆ ತೊಳೆಯುವಂತಿಲ್ಲ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ಹದಿನೆಂಟು ದಿನವಾಯಿತು, ಮೀನು ತಳದಲ್ಲಿ ಕಲ್ಲು ಕೆದಕಿಕೊಂಡು ಆರಾಮಾಗಿದೆ. ಮೌನಿ ಅದಕ್ಕೆ ಹೆಸರಿಟ್ಟಿಲ್ಲ. ಇನ್ನೂ ಭಯ.

ಸುಮಂಗಲಾಗೂ ಅವರ ಮನೆಯವರಿಗೂ ನನ್ನ ನೆನಪು ಹೇಳಿ. ನಿಮ್ಮ ಪಾದಕ್ಕೆ ನನ್ನದೂ ಮೌನಿಯದೂ ನಮಸ್ಕಾರ. ನಮ್ಮನ್ನು ಹರಸಿರಿ.

ನಿಮ್ಮ ಸೊಸೆ,
ನಾಗವೇಣಿ

ತಾ.ಕ.: ಸುಮಂಗಲಾ, ಇದನ್ನು ಬಿಡದೆ, ಮೆತ್ತಗೆ ಮಾಡದೆ ಓದು. ಅತ್ತೆ, ನಿಮ್ಮ ಮಗ ಹೋದ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರು ಮೊದಲು ಫೋನ್ ಮಾಡಿದ್ದು ನನಗೆ. "ನಾಗಾ, ಎದಿ ಉರಿಯಾಕತ್ತದ, ಎಡಗೈ ಜೋಮು ಹಿಡದಂಗ ಆಗ್ಯದ" ಎಂದರು. ನಾನು, "ಮುಂಜಾನಿ ಮಿರ್ಚಿ ತಿಂದೀರಲ್ಲ, ಅದಕ್ಕ. ಮನಿಗಿ ಹೋಗಿ ಅವ್ವಗ ಮಜ್ಜಿಗಿ ಕೇಳ್ರಿ, ಕುಡದು ಮಲಕ್ಕೋರಿ" ಎಂದೆ. ಕೈ ಜೋಮಿನ ಮಾತು ಅವರು ನಿಮಗೆ ಹೇಳಿರಲಿಲ್ಲ, ನನಗೆ ಹೇಳಿದ್ದರು. ಒಂಬತ್ತು ತಿಂಗಳು ಎಲ್ಲರೂ ಅದನ್ನು ನಿಮ್ಮ ತಲೆಗೆ ಕಟ್ಟುವಾಗ ನಾನು ಕೇಳಿಸಿಕೊಂಡೇ ಇದ್ದೆ. ಆ ಮಜ್ಜಿಗೆ ನಿಮ್ಮದಲ್ಲ ಅತ್ತೆ, ನನ್ನದು.