ತಂಬಾಕಿನ ಚೀಲ

ಹುಲಿಹೈದರ

ಹೇಮಪ್ಪಣ್ಣನಿಗೆ ಸಲಾಂ.

ನೀನು ಫೋನ್ ಎತ್ತಿದ್ದರೆ, ಮೂರನೇ ಇಯತ್ತೆಗೆ ಸಾಲಿ ಬಿಟ್ಟ ನನಗೆ ಈ ಬರೆಯುವ ಕರ್ಮ ಬರುತ್ತಿರಲಿಲ್ಲ. ನಿನ್ನ ಚಿಲುಮಿ ತಂಬಾಕು ನಾಲಿಗೆ ಸುಟ್ಟಿತೆಂದು ಸಂತೆಯ ಮಂದಿ ಮುಂದೆ, "ಖಾರಪುಡಿ ಬೆರೆಸಿ ಮಾರ್ತಿಯೇನಲೇ ಕಳ್ಳ" ಎಂದು ನಾನು ನಿನಗೆ ಬೈದೆ. ಅಂದಿನಿಂದ ನೀನು ನಮ್ಮ ಸಂತೆಗೆ ಅಂಗಡಿ ತರಲಿಲ್ಲ.

ಮೊನ್ನೆ ನನ್ನ ಹೆಂಡತಿ ಲಾಲಬೀ ನನ್ನ ತಂಬಾಕಿನ ಚೀಲ ಝಾಡಿಸಿದಾಗ ಮೆಣಸಿನಕಾಯಿ ಬೀಜ ಉದುರಿದವು. ಬಿತ್ತಲು ಬೀಜ ಕಟ್ಟಿಟ್ಟಿದ್ದ ಚೀಲಕ್ಕೆ ನಾನೇ ತಂಬಾಕು ತುಂಬಿದ್ದೆ. "ಖಾರ ಬೆರೆಸಿದವರು ಯಾರ್ರಿ ಈಗ?" ಎಂದಳು.

ನೀನು ಬೆಲ್ಲ ಹಾಕಿ ಕಲಸುವ ಮೆತ್ತನೆಯ ತಂಬಾಕು ಬಿಟ್ಟರೆ ಬೇರೆ ಯಾವುದೂ ನನಗೆ ಒಗ್ಗುವುದಿಲ್ಲ. ಕೊಡುವುದು ನಿನ್ನ ಮರ್ಜಿ. ಆದರೆ ಸಂತೆಗೆ ಬಾ. ಅದೇ ಮಂದಿ ಮುಂದೆ ತಪ್ಪು ಒಪ್ಪಿಕೊಳ್ಳಬೇಕು ನಾನು. ಬರುತ್ತೀಯೋ ಇಲ್ಲವೋ, ಹತ್ತನೇ ತಾರೀಖಿನೊಳಗೆ ತಿಳಿಸು.

ಇಬ್ರಾಹಿಂಸಾಬ