ಭಂಡಾರ ಹಚ್ಚಲು ಕರೆದ ಕಾಲೇಜಿಗೆ ನಾನು ಪುಸ್ತಕ ಹಿಡಿದು ಹೋಗಿದ್ದೆ

ಮಾನ್ಯ ಪದವಿಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರೇ,

ನಾನು ಹುಡುಗರನ್ನು ಪ್ರೀತಿಸುವ ಹುಡುಗ. ಮೀಸೆ ಚಿಗುರುವ ಮೊದಲೇ ನನಗೆ ತಿಳಿದಿದ್ದ ಈ ಮಾತನ್ನು ಅವ್ವನಿಂದ, ತಂಗಿಯಿಂದ, ಕಾಗಿಣಾ ಹೊಳೆ ದಂಡೆಯ ನಮ್ಮ ಇಡೀ ಊರಿನಿಂದ ವರ್ಷಗಟ್ಟಲೆ ಬಚ್ಚಿಟ್ಟಿದ್ದೆ. ಈಗ ಬಚ್ಚಿಡಲು ಏನೂ ಉಳಿದಿಲ್ಲ, ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನನ್ನ ದೂರು ಇಷ್ಟೇ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಐದು ಊರುಗಳ ಕಾಲೇಜುಗಳು ತಮ್ಮ ಸುಪರ್ದಿಯಲ್ಲಿವೆ. ಕೂಲಿಯವರ ಕೈಗೆಟುಕುವ ಶುಲ್ಕದಲ್ಲಿ, ಸುಳ್ಳು ಹೇಳದೆ ಕುಳಿತು ಓದಲು, ಈ ಐದೂರಿನಲ್ಲಿ ನನಗೊಂದು ಬೆಂಚು ಸಿಗಲಿಲ್ಲ.

ನಮ್ಮಪ್ಪ ತಮ್ಮಣ್ಣ. ಅವರ ಅಪ್ಪ ಹೊಳೆಯಲ್ಲಿ ಬಲೆ ಬೀಸಿದವರು, ಇವರು ಗಣಿಯಲ್ಲಿ ಫರಸಿ ಎಬ್ಬಿಸುವವರು. ನೆಲಕ್ಕೆ ಹಾಸುವ ಆ ಕಲ್ಲು ನಮ್ಮಲ್ಲಿ ರೊಟ್ಟಿ ಪೇರಿಸಿಟ್ಟಂತೆ ಪದರು ಪದರಾಗಿ ಮಲಗಿರುತ್ತದೆ. ಯಾಕೆ ಹಾಗೆ ಎಂದು ಚಿಕ್ಕಂದಿನಿಂದ ಕಂಡಕಂಡವರನ್ನೆಲ್ಲ ಕೇಳುತ್ತಿದ್ದೆ. ಪಿಯುಸಿ ವಿಜ್ಞಾನ ಮುಗಿಸು, ಮುಂದೆ ಡಿಗ್ರಿಯಲ್ಲಿ ಭೂಗರ್ಭಶಾಸ್ತ್ರ ಅಂತ ಇರುತ್ತದೆ, ಅಲ್ಲಿ ಹೇಳುತ್ತಾರೆ ಎಂದರು. ನನ್ನ ಆಸೆ ಅಷ್ಟೇ ಇತ್ತು. ಒಂದು ಕಡೆ ಕೂರುವ ಪೈಕಿಯವನಲ್ಲದ ನಾನು, ಅದಕ್ಕಾಗಿ ಮೊದಲ ವರ್ಷ ಪೂರ್ತಿ ಕುಳಿತಿದ್ದೆ.

ಎರಡನೆಯ ವರ್ಷ, ಕಾಲೇಜಿನ ಹುಡುಗರು ನನ್ನ ಗುಟ್ಟು ಹೇಗೋ ಹಿಡಿದು, ನನ್ನನ್ನು ನೋಡಿ ಚಪ್ಪಾಳೆ ತಟ್ಟಿ ಆಡಿಕೊಳ್ಳುವುದಕ್ಕೆ ಶುರು ಮಾಡಿದರು. ಗಲಾಟೆ ಹೆಚ್ಚಾದ ಒಂದು ದಿನ ಉಪನ್ಯಾಸಕರು ಪಾಠ ನಿಲ್ಲಿಸಿ, ತರಗತಿಯ ನಡುವೆ ನನ್ನನ್ನೇ ಎಬ್ಬಿಸಿದರು. "ಏನಲೇ ಅಣವೀರ, ಇವ್ರು ಅನ್ನೋದು ಖರೇ ಏನು?"

"ಖರೇ ಅದರಿ ಸರ್," ಎಂದೆ.

ಇಲ್ಲ ಎಂದಿದ್ದರೆ ಈ ಪತ್ರವೇ ಬೇಕಿರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ಕೇಳಿದ್ದು ಗುರುಗಳು. ಗುರುಗಳ ಮುಂದೆ ಸುಳ್ಳು ಹೇಳಬಾರದೆಂದು ಆ ಕಾಲೇಜಿನ ಗೋಡೆಯ ಮೇಲೆಯೇ ಬರೆದಿದೆ. ಗೋಡೆಯನ್ನು ನಂಬಿದವನು ಇಡೀ ತರಗತಿಯಲ್ಲಿ ನಾನೊಬ್ಬನೇ ಇದ್ದೆನೋ ಏನೋ.

ಪ್ರಾಚಾರ್ಯರು ನನ್ನ ಅವ್ವ ಭೀಮಮ್ಮನನ್ನು ಕರೆಸಿದರು. ಬೈಯಲಿಲ್ಲ, ಕುರ್ಚಿ ಕೊಟ್ಟು ಕೂರಿಸಿದರು. ಇದು ಎಲ್ಲಮ್ಮನ ಕರೆ, ಹುಡುಗನಿಗೆ ಸೀರೆ ಉಡಿಸಿ, ಮುತ್ತು ಕಟ್ಟಿಸಿ ದೇವಿಗೆ ಜೋಗಪ್ಪನನ್ನಾಗಿ ಬಿಟ್ಟುಬಿಡಿ, ಓದಿನ ಗೋಜು ಬೇಡ ಎಂದು ಸಮಾಧಾನದಿಂದ ತಿಳಿಹೇಳಿದರು. ಎಂ.ಎಸ್ಸಿ. ಓದಿದವರ ಬಾಯಿಂದ ಬಂದ ಮಾತು, ಅವ್ವ ನಂಬಿದಳು. ಮುತ್ತಿಗೆ ಒಪ್ಪದೆ ನಾನು ಮನೆಯಲ್ಲಿ ಕುಳಿತೆ. ನನ್ನ ಸುದ್ದಿ, ಮೈಮೇಲೆ ದೇವಿ ಬಂದಿದ್ದಾಳೆಂಬ ಮಾತೂ ಸೇರಿ, ಊರೂರು ಸುತ್ತಿತು.

ದಸರೆಗೆ ಕಾಲೇಜಿನಿಂದ ಕರೆ ಬಂತು, ಪ್ರಾಚಾರ್ಯರು ಬರಹೇಳಿದ್ದಾರೆ ಎಂದು. ಮನಸ್ಸು ಬದಲಾಗಿರಬೇಕು ಎಂದುಕೊಂಡು ರಸಾಯನಶಾಸ್ತ್ರದ ಪುಸ್ತಕ ಚೀಲಕ್ಕೆ ಹಾಕಿಕೊಂಡು ಹೋದೆ. ಬಾಗಿಲಲ್ಲೇ ಹಾರ ಹಾಕಿದರು. ಅಂದು ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಹೊಸ ಕಂಪ್ಯೂಟರುಗಳಿಗೆ ನನ್ನ ಕೈಯಿಂದ ಭಂಡಾರ ಹಚ್ಚಿಸಬೇಕಂತೆ. ನನ್ನನ್ನು 'ಏನಲೇ' ಎಂದಿದ್ದ ಉಪನ್ಯಾಸಕರೇ ಅರಿಶಿನದ ತಟ್ಟೆ ಹಿಡಿದು ನಿಂತು, "ಬರ್ರಿ, ಕುಂದ್ರಿ" ಎನ್ನುತ್ತಿದ್ದರು. ನಾಲ್ಕು ತಿಂಗಳ ಹಿಂದೆ ನನ್ನ ಪಕ್ಕ ಕೂರಲೊಲ್ಲದ ಹುಡುಗನೊಬ್ಬ ಬಗ್ಗಿ ಕಾಲು ಮುಟ್ಟಿದ.

ಕ್ಲಾಸಿಗೆ ಯಾವಾಗಿಂದ ಬರಲಿ ಎಂದು ಪ್ರಾಚಾರ್ಯರನ್ನು ಕೇಳಿದೆ. ಅವರು ನಕ್ಕರು. "ನೀವು ಕಲಿಯೋದೇನದರಿ ಇನ್ನ? ಅವ್ವ ಎಲ್ಲಮ್ಮನೇ ನಿಮ್ಮ ಮ್ಯಾಲ ಬಂದಾಳ."

"ನನ್ನ ಮ್ಯಾಲ ಯಾರೂ ಬಂದಿಲ್ರಿ ಸರ್," ಎಂದೆ. "ನಾ ಬರೇ ಅಣವೀರ ಇದ್ದೀನಿ. ನನಗ ಕೆಮಿಸ್ಟ್ರಿ ಕ್ಲಾಸ್ ಬೇಕಾಗ್ಯಾದ."

ತಟ್ಟೆ ಹಿಡಿದ ಕೈ ಕೆಳಗಿಳಿಯಿತು. ದೇವಿಗೆ ಅಪಮಾನ ಮಾಡಿದನೆಂದು ನನ್ನನ್ನು ಹೊರಗೆ ಕಳಿಸಿದರು. ಹಾರ ಮಾತ್ರ ಯಾರೂ ತೆಗೆದುಕೊಳ್ಳಲಿಲ್ಲ. ಅದು ಕೊರಳಲ್ಲಿದ್ದುದು ನನಗೆ ನೆನಪಾದದ್ದು ಬಸ್ಸಿನಲ್ಲಿ, ಕಂಡಕ್ಟರ್ ಟಿಕೆಟ್ ಹರಿಯದೆ ಕೈಮುಗಿದಾಗ. ಹಟ ಹಿಡಿದು ಟಿಕೆಟ್ ತೆಗೆಸಿದೆ.

ಜೋಗಪ್ಪಗಳ ಬಗ್ಗೆ ನನಗೆ ತಿರಸ್ಕಾರವಿಲ್ಲ. ದೇವಿ ಬಂದವರಿಗೆ ಬಂದಿರಬಹುದು, ನನಗೆ ಬಂದಿಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ಪೂಜೆಯ ದಿನ ಕಾಲು ಮುಟ್ಟುವ ನಿಮ್ಮ ಕಾಲೇಜುಗಳು, ಆ ಜೋಗಪ್ಪಗಳಲ್ಲಿ ಒಬ್ಬರನ್ನಾದರೂ ಹಾಜರಿ ಕೂಗಿ ಕೂರಿಸಿಕೊಂಡಿವೆಯೇ? ಕಂಪ್ಯೂಟರ್ ಸರಿಯಾಗಿ ನಡೆಯಲು ಬೇಕಾದ ಕೈ, ಅದರ ಕೀಲಿಗಳನ್ನು ಒತ್ತಲು ಏಕೆ ಬೇಡವಾಯಿತು?

ಮರುವರ್ಷ ಜೂನಿನಲ್ಲಿ ಬೇರೆ ಊರುಗಳಲ್ಲಿ ಅಲೆದೆ. ಶುಲ್ಕ ಕಡಿಮೆ ಇದ್ದ ಕಡೆ ನನಗಿಂತ ಮೊದಲೇ ಸುದ್ದಿ ತಲುಪಿ ಬೆಂಚಿನ ಮೇಲೆ ಕುಳಿತಿರುತ್ತಿತ್ತು. ಸೇಡಂನ ಒಂದು ಖಾಸಗಿ ಕಾಲೇಜಿನವರು ನಮಗೇನೂ ಅಭ್ಯಂತರವಿಲ್ಲ ಎಂದರು. ಶುಲ್ಕ ಕೇಳಿದ ಮೇಲೆ, ಅಭ್ಯಂತರವಿಲ್ಲದಿರುವುದು ಎಷ್ಟು ದುಬಾರಿ ಎಂದು ತಿಳಿಯಿತು. ಕೊನೆಗೆ ತಮ್ಮ ಕಚೇರಿಗೂ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ಗುಮಾಸ್ತರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಉಪಾಯ ಹೇಳಿದರು: ಅರ್ಜಿಯಲ್ಲಿ ಗಂಡು ಎಂದು ಬರೆಯಬೇಡ, 'ಇತರೆ' ಎಂದು ಬರೆ, ಸೀಟು ಸಿಗುತ್ತದೆ. ನಾನು ಗಂಡೇ ಅಲ್ಲವೇ, ಮಾನ್ಯರೇ? ಎಷ್ಟೋ ಬಡಿದಾಡಿ ಮಂಗಳಮುಖಿಯರು ಪಡೆದ ಕುರ್ಚಿಯ ಮೇಲೆ ಸುಳ್ಳು ಹೇಳಿ ಹೇಗೆ ಕೂರಲಿ? ತಮ್ಮ ಇಲಾಖೆಯ ಕರುಣೆಗೆ ಒಂದೇ ಬಾಗಿಲು, ಅದೂ ಬೇರೆಯವರ ಹೆಸರಿನದು.

ಚಿಂಚೋಳಿಯಲ್ಲಿ ಹರಿಪ್ರಿಯಾ ಎಂಬ ಮೇಡಂ ಸಿಕ್ಕರು. ಮನೆಗೆ ಕರೆದು ಊಟ ಹಾಕಿದರು. ತಮ್ಮ ಕಾಲೇಜಿನಲ್ಲಿ ಸೀಟು ಕೊಡಿಸುವುದಾಗಿ ಹೇಳಿ, ಒಂದು ಮಾತು ತೆಗೆದುಕೊಳ್ಳಲು ನೋಡಿದರು. "ಯಾರರೆ ಕೇಳಿದ್ರ ಇಲ್ಲ ಅಂದುಬಿಡಪಾ. ಒಂದು ವರ್ಷದ ಮಾತು. ಪಾಸಾಗಿ ಹೋಗು, ಆಮ್ಯಾಲ ಏನು ಬೇಕಾದ್ರೂ ಹೇಳ್ಕೋ."

"ಹಂಗ ಅನ್ಲಿಕ್ಕ ನನಗ ಬರಂಗಿಲ್ರಿ ಮೇಡಂ."

"ಹಂಗಾದ್ರ ನಾ ಏನು ಮಾಡ್ಲಿ ಹೇಳು," ಎಂದು ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಒಳ್ಳೆಯವರೂ ಒಂದು ಸುಳ್ಳನ್ನೇ ಶುಲ್ಕವಾಗಿ ಕೇಳಬೇಕಾದ ಕಾಲೇಜುಗಳನ್ನು ನಡೆಸುತ್ತಿರುವವರ ಮೇಲೆ ಸಿಟ್ಟಿದೆ.

ಆದ್ದರಿಂದ ಕೇಳುತ್ತಿದ್ದೇನೆ. ಈ ಐದು ಊರುಗಳಲ್ಲಿ ಒಂದಾದರೂ ಸರಕಾರಿ ಕಾಲೇಜಿನ ಬಾಗಿಲಿಗೆ, ಇಂಥವರೆಂಬ ಕಾರಣಕ್ಕೆ ಯಾರನ್ನೂ ಹೊರಗೆ ಹಾಕಕೂಡದು ಎಂಬ ತಮ್ಮ ಆದೇಶವನ್ನು ಸಹಿ ಸಮೇತ ಅಂಟಿಸಿ. ಅಲ್ಲಿ ಯಾರಾದರೂ ಚಪ್ಪಾಳೆ ತಟ್ಟಿದರೆ, ಎಬ್ಬಿಸಿ ಕೇಳಬೇಕಾದದ್ದು ತಟ್ಟಿದವರನ್ನು. ಸೀಟು ಕೊಡದ ಹುಡುಗನನ್ನು ಪೂಜೆಗೆ ಕರೆಯುವುದನ್ನೂ ನಿಲ್ಲಿಸಿ. ನನ್ನ ಕಾಲ ಮುಗಿಯಿತು ಎನ್ನಬೇಡಿ, ಆದೇಶ ಅಂಟಿಸಿದ ದಿನ ನಾನೇ ಬಂದು ಮೊದಲ ಬೆಂಚಿನಲ್ಲಿ ಕೂರುತ್ತೇನೆ.

ಅವ್ವ ಈಗ ಮುತ್ತಿನ ಮಾತು ಬಿಟ್ಟಿದ್ದಾಳೆ. ಮೊನ್ನೆ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಹೇಳಿದಳು: "ನೀ ಎಂಥವ ಇದ್ರೂ ನನ್ನ ಮಗನೇ ಇದ್ದಿ. ಆದ್ರ ಈ ಊರಾಗ ಇರಬ್ಯಾಡಪಾ."

ಇಂತಿ,
ತಮ್ಮ ಕಾಲೇಜುಗಳನ್ನು ಹರಸಲು ತಕ್ಕವನಾಗಿ, ಅಲ್ಲಿ ಓದಲು ಸಾಲದೇ ಹೋದ
ಅಣವೀರ

ಉತ್ತರ ಬರೆಯುವುದಾದರೆ ಮನೆಯ ವಿಳಾಸಕ್ಕೇ ಬರೆಯಿರಿ. ಅವ್ವನಿಗೆ ಓದು ಬಾರದು, ತಂಗಿ ಸುನಿತಾ ಓದಿ ಹೇಳುತ್ತಾಳೆ. ಹೈದರಾಬಾದಿನಲ್ಲಿ ಫರಸಿ ಹಾಸುವ ಕೆಲಸ ಸಿಕ್ಕಿದೆ. ನಾಳೆ ಬೆಳಿಗ್ಗೆ ವಾಡಿಯಲ್ಲಿ ರೈಲು ಹತ್ತುತ್ತೇನೆ.